ಮೊದಲು ಟೇಪು, ಆಮೇಲೆ ದುಡ್ಡು: ಮೂರು ವೀಲ್‌ಚೇರ್‌ಗಳ ನನ್ನ ಅನುಭವ

ನಾನು ಸಿದ್ದಾಪುರ ತಾಲೂಕಿನವನು. ಅಡಿಕೆ ಕೊನೆ ಕೊಯ್ಯುವುದು ನನ್ನ ಕೆಲಸವಾಗಿತ್ತು. 2015ರ ಡಿಸೆಂಬರಿನಲ್ಲಿ ಮರದಿಂದ ಬಿದ್ದೆ, ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಶಕ್ತಿಯೂ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಅಲ್ಲಿಂದ ಇಲ್ಲಿವರೆಗೆ ಮೂರು ವೀಲ್‌ಚೇರ್ ಆಗಿವೆ. ಒಂದು ಅಣ್ಣನ ದುಡ್ಡಿನದು, ಒಂದು ಸರ್ಕಾರದ ಕ್ಯಾಂಪಿನದು, ಈಗಿನದು ನಾಲ್ಕು ಕಡೆ ದುಡ್ಡು ಹೊಂದಿಸಿ ತಂದದ್ದು. ಈಗ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಊರವರ ಸೇವಾ ಸಿಂಧು ಅರ್ಜಿ ತುಂಬಿಕೊಡುತ್ತೇನೆ. ಅದರಲ್ಲಿ ವೀಲ್‌ಚೇರ್ ಬೇಕು ಅಂತ ಬರುವವರೂ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ, "ದುಡ್ಡು ಎಲ್ಲಿಂದ ಸಿಗ್ತದೆ?" ನಾನು ಮೊದಲು ಅಳತೆ ಟೇಪು ತೆಗೆಯುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಆಸ್ಪತ್ರೆಯಿಂದ ಬಿಡುವ ದಿನ "ಒಂದು ವೀಲ್‌ಚೇರ್ ತಗೊಳ್ಳಿ" ಅಂದರು. ಅಷ್ಟೇ. ಯಾವ ಅಳತೆ, ಎಂಥದ್ದು, ಯಾರೂ ಹೇಳಲಿಲ್ಲ. ಅಣ್ಣ ಪೇಟೆಯ ಅಂಗಡಿಯಿಂದ 6,500 ಕೊಟ್ಟು ಒಂದು ತಂದ. ಸೀಟು 18 ಇಂಚು ಅಗಲ. ನನ್ನ ಸೊಂಟ 14 ಇಂಚು. ಆ ಸೀಟಿನಲ್ಲಿ ನಾನು ಒಂದು ಕಡೆಗೆ ವಾಲಿಕೊಂಡೇ ಕೂರುತ್ತಿದ್ದೆ, ಸೀಟಿನ ರೆಕ್ಸಿನ್ ಬೇರೆ ತಿಂಗಳೊಪ್ಪತ್ತಿಗೆ ತೊಟ್ಟಿಲ ಹಾಗೆ ಜೋತು ಬಿತ್ತು, ಭಾರವೆಲ್ಲ ಎಡಗಡೆ ಕುಂಡೆಯ ಮೂಳೆಯ ಮೇಲೆ. ನನಗೆ ನೋವೇ ಗೊತ್ತಾಗುವುದಿಲ್ಲವಲ್ಲ. ಒಂದು ದಿನ ಸ್ನಾನ ಮಾಡಿಸುವಾಗ ಅಮ್ಮ "ಇದೆಂಥದೋ ಕೆಂಪಗಾಗಿದೆ" ಅಂದಳು. ಒಂದು ರೂಪಾಯಿ ನಾಣ್ಯದಷ್ಟು. ಸೊಳ್ಳೆ ಕಚ್ಚಿರಬೇಕು ಅಂದುಕೊಂಡು ಮತ್ತೆ ಅದೇ ಕುರ್ಚಿಯಲ್ಲಿ ಕೂತೆ. ಹತ್ತೇ ದಿನಕ್ಕೆ ಒಳಗೆ ಹೆಬ್ಬೆರಳು ಹೋಗುವಷ್ಟು ಗುಂಡಿಯಾಯಿತು. ಮೂರು ತಿಂಗಳು ಬೋರಲು ಮಲಗಿದ್ದೆ. ಡ್ರೆಸ್ಸಿಂಗ್, ಔಷಧಿ, ಬಾಡಿಗೆ ಗಾಡಿ ಎಲ್ಲ ಸೇರಿ 40 ಸಾವಿರ ದಾಟಿತು. ಆ ದುಡ್ಡಿಗೆ ನನ್ನ ಅಳತೆಯ ಒಳ್ಳೇ ಕುರ್ಚಿಯೇ ಬರುತ್ತಿತ್ತು. ಅಣ್ಣನದು ತಪ್ಪಲ್ಲ, ಅವನು ಸಾಲ ಮಾಡಿ ತಂದಿದ್ದ.

ಅಳತೆ ತೆಗೆಯುವುದನ್ನು ಆಮೇಲೆ ಒಬ್ಬರು ಫಿಸಿಯೋಥೆರಪಿಸ್ಟ್ ಕಲಿಸಿದರು, ಅತ್ತಿಗೆಯ ಹೊಲಿಗೆ ಟೇಪಿನಲ್ಲಿಯೇ. ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂರಿಸಿ, ಸೊಂಟದ ಎರಡೂ ಪಕ್ಕಕ್ಕೆ ಒಂದೊಂದು ಗಟ್ಟಿ ರಟ್ಟಿನ ಪುಸ್ತಕ ನಿಲ್ಲಿಸಿ, ಎರಡರ ನಡುವೆ ಅಳೆಯಬೇಕು. ಅದೇ ಸೀಟಿನ ಅಗಲ, ಹೆಚ್ಚೆಂದರೆ ಒಂದು ಇಂಚು ಜಾಸ್ತಿ. ಬೆನ್ನಿನ ಹಿಂಬದಿಯಿಂದ ಮಂಡಿಯ ಹಿಂಭಾಗದವರೆಗೆ ಅಳೆದು ಎರಡು ಇಂಚು ಕಳೆದರೆ ಸೀಟಿನ ಉದ್ದ. ಮಂಡಿಯ ಹಿಂದಿನಿಂದ ಹಿಮ್ಮಡಿಯವರೆಗೆ ಅಳೆದರೆ ಕಾಲಿಡುವ ಪ್ಲೇಟಿನ ಎತ್ತರ ಸಿಗುತ್ತದೆ, ಅದರಲ್ಲಿ ಕುಶನ್ನಿನ ದಪ್ಪ ಲೆಕ್ಕ ಹಿಡಿಯಲು ಮರೆಯಬೇಡಿ. ಕೈ ಸುಮ್ನೆ ಕೆಳಗೆ ಬಿಟ್ಟಾಗ ಬೆರಳ ತುದಿ ದೊಡ್ಡ ಚಕ್ರದ ನಡುವಿನ ಅಚ್ಚಿಗೆ ತಾಗಿದರೆ ನೂಕಲು ಸರಿಯಾಗಿದೆ ಅಂತ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿ, ಕ್ಯಾಂಪು, ಪಂಚಾಯ್ತಿ, ಎಲ್ಲಿ ಹೋದರೂ ಆ ಚೀಟಿ ಜೊತೆಗಿರಲಿ.

ಎರಡನೇ ಕುರ್ಚಿ ಬಂದದ್ದು 2018ರಲ್ಲಿ, ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ. ನಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಎಲ್ಲರೂ ವಿಆರ್‌ಡಬ್ಲ್ಯು ಮೇಡಂ ಅನ್ನುತ್ತಾರೆ, ಅವರೇ ಮನೆಗೆ ಬಂದು ಹೆಸರು ಬರೆದುಕೊಂಡರು. ಮೊದಲು ತಪಾಸಣೆ ಕ್ಯಾಂಪು, ಕೆಲವು ತಿಂಗಳಾದ ಮೇಲೆ ವಿತರಣೆ ಕ್ಯಾಂಪು. ಮೊದಲನೆಯದರಲ್ಲಿ ಕೊಟ್ಟ ಚೀಟಿಯನ್ನು ಕಳೆದುಕೊಂಡರೆ ಪರದಾಟ, ಫೋಟೋ ತೆಗೆದಿಟ್ಟುಕೊಳ್ಳಿ. ಈಗ ತಿಂಗಳ ಆದಾಯ 22,500ರವರೆಗೆ ಇದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಆದಾಯ ಪ್ರಮಾಣಪತ್ರ, ಆಧಾರ್, ಫೋಟೋ ಇರಲಿ. ಒಮ್ಮೆ ತಗೊಂಡರೆ ಅದೇ ಸಾಧನಕ್ಕೆ ಮೂರು ವರ್ಷ ಮತ್ತೆ ಸಿಗುವುದಿಲ್ಲ. ಹಾಗಾಗಿ ಅಳತೆ ಚೀಟಿ ತೋರಿಸಿ, ಬಾಯಿಬಿಟ್ಟು ಕೇಳಿ. ನಾನು ಕೇಳಿದೆ, 16 ಇಂಚಿನದು ಸಿಕ್ಕಿತು. ಪಕ್ಕದಲ್ಲಿ ಎರಡು ಕಡೆ ಫೋಮ್ ತುಂಡು ಇಟ್ಟು ಸರಿಮಾಡಿಕೊಂಡೆ. ನಾಲ್ಕು ವರ್ಷ ಆ ಕುರ್ಚಿ ನನ್ನನ್ನು ಅಂಗಳ, ಅಂಗಡಿ, ಶಾಲೆಯ ಮತಗಟ್ಟೆವರೆಗೆ ಕರೆದುಕೊಂಡು ಹೋಗಿದೆ.

ನಮ್ಮ ಕಡೆಯವರಿಗೆ ಒಂದು ಮಾತು. ಅಡಿಕೆ ಸುಲಿಯುವ ದಿನಗಳಲ್ಲಿ ಸಿಪ್ಪೆಯ ನಾರು ಮುಂದಿನ ಸಣ್ಣ ಚಕ್ರದ ಅಚ್ಚಿಗೆ ಸುತ್ತಿಕೊಂಡು ಬಿಗಿಯಾಗುತ್ತದೆ. ಕುರ್ಚಿ ಒಂದೇ ಕಡೆ ಎಳೆಯುತ್ತದೆ, ಭುಜ ನೋಯುತ್ತದೆ, ಕುರ್ಚಿಯೇ ಹಾಳಾಯ್ತು ಅಂದುಕೊಳ್ಳುತ್ತೇವೆ. ಒಂದು ಬ್ಲೇಡು, ಎರಡು ಹನಿ ಎಣ್ಣೆ ಸಾಕು. ಹಿಂದಿನ ಗಾಳಿ ಚಕ್ರದ ಪಂಕ್ಚರ್ರು ಸೈಕಲ್ ಅಂಗಡಿಯಲ್ಲೇ ಆಗುತ್ತದೆ.

ವಿಮೆ ಇದೆಯಲ್ಲ ಅಂತ ತುಂಬ ಜನ ಕೇಳುತ್ತಾರೆ. ಆರೋಗ್ಯ ವಿಮೆ ಸಾಮಾನ್ಯವಾಗಿ ಆಸ್ಪತ್ರೆ ಖರ್ಚು ಕೊಡುತ್ತದೆ, ಮನೆಗೆ ಒಯ್ಯುವ ವೀಲ್‌ಚೇರ್‌ಗೆ ಕೊಡುವುದಿಲ್ಲ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಕಾರ್ಡು ಇರುವವರು ಮಾತ್ರ ಬಿಡಬೇಡಿ, ಅಲ್ಲಿ ವೀಲ್‌ಚೇರ್ ಕೊಡುವ ಅವಕಾಶ ಇದೆ, ವೈದ್ಯರ ಹತ್ತಿರ ಬರೆಸಿಕೊಳ್ಳಿ. ರಸ್ತೆ ಅಪಘಾತದ ಪರಿಹಾರಕ್ಕೆ ಕೋರ್ಟಿಗೆ ಹೋದವರು ಈಗಿನ ಕುರ್ಚಿಯ ಜೊತೆ ಮುಂದೆ ಬದಲಾಯಿಸಬೇಕಾಗುವ ಕುರ್ಚಿಗಳ ಖರ್ಚನ್ನೂ ಕೇಳುವಂತೆ ವಕೀಲರಿಗೆ ಹೇಳಿ. ನನ್ನಂಥ ಕೂಲಿಯವನಿಗೆ ಇದೆರಡೂ ಇರಲಿಲ್ಲ.

ಮೂರನೆಯದು 2022ರಲ್ಲಿ. ಹಗಲೆಲ್ಲ ಕುರ್ಚಿಯಲ್ಲೇ ಕೂತು ಕೆಲಸ ಶುರು ಮಾಡಿದ ಮೇಲೆ, ಅಳತೆಗೆ ಮಾಡಿಕೊಡುವ ಹಗುರ ಕುರ್ಚಿ ಬೇಕೇ ಬೇಕಾಯಿತು. ಕುರ್ಚಿಗೆ 40,000, ಗಾಳಿ ತುಂಬುವ ಕುಶನ್ನಿಗೆ 6,000. ಆಗ ನನ್ನ ಪಿಂಚಣಿ ತಿಂಗಳಿಗೆ 1,400. ಕುಶನ್ ಬಿಡು, ತಲೆದಿಂಬು ಹಾಕಿಕೊಂಡರಾಯ್ತು ಅಂದವರಿದ್ದರು. ಮೂರು ತಿಂಗಳು ಬೋರಲು ಮಲಗಿದ್ದವನು ನಾನು. ಕುಶನ್ ಬಿಡುವುದಿಲ್ಲ ಅಂದೆ.

ಗ್ರಾಮ ಪಂಚಾಯ್ತಿಗಳು ತಮ್ಮ ಸ್ವಂತ ಆದಾಯದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗೆ ಇಡಬೇಕು. ಇದು ದಾನ ಅಲ್ಲ, ನಮಗಾಗಿ ಎತ್ತಿಟ್ಟ ದುಡ್ಡು. ಮೊದಲ ಸಲ ನಾನು ಫೆಬ್ರವರಿಯಲ್ಲಿ ಕೇಳಲು ಹೋದೆ, ಆ ವರ್ಷದ್ದು ಆಗಲೇ ಮುಗಿದಿತ್ತು. ಮುಂದಿನ ವರ್ಷದ ಕ್ರಿಯಾಯೋಜನೆ ಮಾಡುವ ಮೊದಲೇ ಅರ್ಜಿ ಕೊಟ್ಟೆ: ಯುಡಿಐಡಿ ಪ್ರತಿ, ಅಳತೆ ಚೀಟಿ, ಕುಶನ್ನೂ ಸೇರಿಸಿದ ಒಂದೇ ಕೊಟೇಶನ್. ಸ್ವೀಕೃತಿ ಸೀಲು ಹಾಕಿಸಿಕೊಂಡೆ, ಗ್ರಾಮಸಭೆಯಲ್ಲಿ ಎಲ್ಲರ ಎದುರು ಓದಿಸಿದೆ. 15,000 ಮಂಜೂರಾಯಿತು. ಯಾರ ತೋಟದಲ್ಲಿ ಬಿದ್ದೆನೋ ಆ ಹೆಗಡೇರು 10,000 ಕೊಟ್ಟರು. ಕೇಳಲು ನನಗೆ ಏಳು ವರ್ಷ ಬೇಕಾಯಿತು. "ಮೊದಲೇ ಕೇಳಬಾರದಿತ್ತಾ ಮಾರಾಯಾ" ಅಂದರು, ಅವರ ಕಣ್ಣೂ ಒದ್ದೆಯಾಗಿತ್ತು. ಸೊಸೈಟಿ ಸಾಲ 12,000. ಅರ್ಜಿ ತುಂಬಿ ಕೂಡಿಟ್ಟ ನನ್ನದೇ ದುಡ್ಡು 9,000.

ಲೆಕ್ಕದಲ್ಲಿ ಸೇರಿಸದೆ ಬಿಟ್ಟದ್ದು ಮನೆಯ ಹೊಸ್ತಿಲು. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದದ ಇಳಿಜಾರು ಬೇಕು. ನಮ್ಮ ಜಗುಲಿ 9 ಇಂಚು, ಅಂದರೆ 9 ಅಡಿ ರ‍್ಯಾಂಪು. ಚಿರೆಕಲ್ಲು, ಸಿಮೆಂಟು ಸೇರಿ ಮತ್ತೆ 7,000 ಆಯಿತು. ನಿಮ್ಮ ಕೊಟೇಶನ್ನಿನ ಜೊತೆಗೆ ಇದನ್ನೂ ಬರೆದುಕೊಳ್ಳಿ.

ಈ ಕುರ್ಚಿಯಲ್ಲೂ ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತುತ್ತೇನೆ, ಇಲ್ಲಾ ಮುಂದಕ್ಕೆ ಬಾಗಿ ಸ್ವಲ್ಪ ಹೊತ್ತು ಇರುತ್ತೇನೆ. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುತ್ತೇನೆ. ಎಲ್ಲಾದರೂ ಕೆಂಪು ಕಂಡು, ಒತ್ತಿದರೂ ಬಿಳಿಚದೆ ಹಾಗೇ ಉಳಿದರೆ ಅದು ಹೋಗುವವರೆಗೆ ಅದರ ಮೇಲೆ ಕೂರುವುದಿಲ್ಲ, ಎಷ್ಟೇ ಅರ್ಜಿ ಬಾಕಿ ಇರಲಿ.

ಹೋದ ವಾರ ಪಕ್ಕದ ಊರಿನ ಹನ್ನೊಂದು ವರ್ಷದ ಹುಡುಗಿಯನ್ನು ಅವರಪ್ಪ ಕರೆದುಕೊಂಡು ಬಂದಿದ್ದರು. ಯಾರೋ ದಾನಿಗಳು ಕೊಟ್ಟ ದೊಡ್ಡವರ ಕುರ್ಚಿ, ಎರಡೂ ಪಕ್ಕ ದಿಂಬು ತುರುಕಿದ್ದರು, ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ಅತ್ತಿಗೆ ಪುಸ್ತಕ ಹಿಡಿದರು, ನಾನು ಟೇಪು ಹಿಡಿದೆ. ಹನ್ನೊಂದೂವರೆ ಇಂಚು. 12 ವರ್ಷದೊಳಗಿನ ಮಕ್ಕಳಿಗೆ ಅಡಿಪ್‌ನಲ್ಲಿ ಮೂರು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಮತ್ತೆ ಕೇಳಬಹುದು, ಬೆಳೆಯುವ ಮಕ್ಕಳಲ್ವಾ. ವಿಆರ್‌ಡಬ್ಲ್ಯು ಮೇಡಂಗೆ ಫೋನ್ ಮಾಡಿ ಹೆಸರು ಸೇರಿಸಿದ್ದೇವೆ. ಪಂಚಾಯ್ತಿ ಅರ್ಜಿ ಸೋಮವಾರ ಕೊಡುತ್ತೇವೆ.