ಆರು ಅಡಿ ಖಾಲಿ ನೆಲ

ಬೆಂಗಳೂರಿನ ಹನುಮಂತನಗರದಲ್ಲಿ ನಾವಿರುವುದು ಎರಡನೇ ಮಹಡಿಯ ಬಾಡಿಗೆ ಮನೆ. ಹಾಲ್ 12 ಅಡಿಗೆ 10 ಅಡಿ. ಮಲಗುವ ಕೋಣೆ ಅದಕ್ಕಿಂತ ಚಿಕ್ಕದು. ಅಡುಗೆಮನೆಯಲ್ಲಿ ಒಬ್ಬರು ರೊಟ್ಟಿ ಬಡಿಯುತ್ತಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕು. ನಾನು, ನಮ್ಮ ಮನೆಯವರು, ನಾಲ್ಕನೇ ಕ್ಲಾಸಿನ ಮಗ. ಬಂದ ಹೊಸದರಲ್ಲಿ ಕಂತಿನ ಮೇಲೆ ಸೋಫಾ ಸೆಟ್ ತಂದೆವು. ಮೆಟ್ಟಿಲ ತಿರುವಿನಲ್ಲಿ ಅದು ಹೊರಳಲಿಲ್ಲ. ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡರು. ಒಳಗಿಟ್ಟ ಮೇಲೆ ಮುಂಬಾಗಿಲು ಪೂರ್ತಿ ತೆರೆಯದಾಯಿತು.

ಆ ವರ್ಷ ದೀಪಾವಳಿ ಮುಗಿಸಿಕೊಂಡು ನವಲಗುಂದದ ಕಡೆಯ ನಮ್ಮೂರಿಂದ ಅಪ್ಪ ಬಂದ. ಹೊಸ್ತಿಲು ದಾಟಿದವನು ಕೈಯಲ್ಲಿ ಚೀಲ ಹಿಡಿದುಕೊಂಡೇ ನಿಂತ. "ಎಲ್ಲಿ ಕೂಡ್ಲಿ ಯವ್ವಾ?" ಅಂದ. ಸೋಫಾ ತೋರಿಸಿದೆ, ತುದಿಗೆ ಕೂತ. ಹುಟ್ಟಿದಾಗಿನಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡ ಜೀವ ಅದು. ನಮ್ಮ ಹಾಲ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ರಾತ್ರಿ ಸೋಫಾಕ್ಕೂ ಟಿವಿ ಸ್ಟ್ಯಾಂಡಿಗೂ ನಡುವೆ ಹಾಸಿಕೊಟ್ಟೆ. ಕಾಲು ಮಡಚಿಕೊಂಡು ಮಲಗಿದ. ಎಂಟು ದಿನ ಇರಲು ಬಂದವನು ಎರಡನೇ ದಿನ ಸಂಜೆಯೇ ಹುಬ್ಬಳ್ಳಿ ಬಸ್ಸು ಹತ್ತಿದ. "ಹೊಲದಾಗ ಕೆಲಸ ಅದ" ಅಂದ. ಕಡಲೆ ಬಿತ್ತನೆ ಮುಗಿಸಿಯೇ ಬಂದಿದ್ದ, ನನಗೆ ಗೊತ್ತಿತ್ತು.

ಬಸ್ಸು ಹತ್ತಿಸಿ ಬಂದವಳೇ ಟೇಪು ಹಿಡಿದು ಅಳೆದೆ. ಓಡಾಡುವ ದಾರಿ ಬಿಟ್ಟರೆ, 120 ಚದರ ಅಡಿಯ ಹಾಲ್‌ನಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಒಂದು ತುಂಡು ನೆಲ ಇರಲಿಲ್ಲ. ಉದ್ದ ಆರು ಅಡಿ, ಅಗಲ ಮೂರು ಅಡಿ. ಇಷ್ಟು ನೆಲ ಹಗಲೂ ರಾತ್ರಿ ಖಾಲಿ ಇರಲೇಬೇಕು ಅಂತ ಆವತ್ತೇ ನಿಶ್ಚಯ ಮಾಡಿದೆ. ಮುಂದೆ ಮಾಡಿದ್ದೆಲ್ಲ ಅದರ ಸುತ್ತಲೇ ಬಂತು.

ಯಾವುದು ಬೇಡ ಅಂತ ಆರಿಸುತ್ತ ಕೂತರೆ ಯಾವ ಸಾಮಾನೂ ಹೊರಗೆ ಹೋಗುವುದಿಲ್ಲ. ಅದಕ್ಕೇ ಒಂದು ಭಾನುವಾರ ಬೆಳಗ್ಗೆ ಹಾಲ್‌ನಲ್ಲಿದ್ದುದನ್ನೆಲ್ಲ ತಾರಸಿಗೆ ಸಾಗಿಸಿದೆವು. ಖಾಲಿ ಕೋಣೆಯನ್ನು ಒರೆಸಿ, ಮೂವರೂ ಬರೀ ನೆಲದ ಮೇಲೆ ಕೂತು ಅವಲಕ್ಕಿ ತಿಂದೆವು. ಮಗ ಗೋಡೆಯಿಂದ ಗೋಡೆಗೆ ಉರುಳಾಡಿದ. ಆಮೇಲೆ ಬೇಕು ಅನ್ನಿಸಿದ್ದನ್ನು ಮಾತ್ರ ಒಂದೊಂದಾಗಿ ಕೆಳಗಿಳಿಸಿದೆವು. ಸಂಜೆ ಹೊತ್ತಿಗೆ ಅರ್ಧಕ್ಕರ್ಧ ತಾರಸಿಯಲ್ಲೇ ಉಳಿದಿತ್ತು. ಸೋಫಾ ಅರ್ಧ ಬೆಲೆಗೂ ಹೋಗಲಿಲ್ಲ. ಆದರೂ ಕೊಟ್ಟುಬಿಟ್ಟೆವು.

ಅದರ ಬದಲು ಬಡಗಿಯ ಹತ್ತಿರ ಒಂದು ದಿವಾನ ಮಾಡಿಸಿದೆ. 18 ಎಂಎಂ ಪ್ಲೈವುಡ್, ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಕೆಳಗೆ ಪೆಟ್ಟಿಗೆ. ಅವರು ಡ್ರಾಯರ್ ಇಡೋಣ ಅಂದರು. ಡ್ರಾಯರ್ ಎಳೆಯಲು ಮುಂದೆ ಎರಡಡಿ ಜಾಗ ಬೇಕು, ಅದು ನನ್ನ ಆರಡಿಗೇ ಕನ್ನ ಹಾಕುತ್ತದೆ. ಮೇಲಿನಿಂದ ತೆರೆಯುವ ಮುಚ್ಚಳ ಮಾಡಿಸಿದೆ. ಹಾಸಿಗೆ ಎತ್ತಬೇಕು ನಿಜ, ಆದರೆ ಅದರೊಳಗಿರುವುದು ವರ್ಷಕ್ಕೆ ಎರಡು ಸಲ ತೆಗೆಯುವ ಗೊಂಬೆ ಪೆಟ್ಟಿಗೆ, ಹಬ್ಬದ ಪಾತ್ರೆ, ಹೆಚ್ಚಿನ ದಿಂಬು.

ಇನ್ನು ಬೆಳಕು. ಹಾಲ್‌ಗೆ ಒಂದೇ ಟ್ಯೂಬ್‌ಲೈಟ್ ಇತ್ತು, 20 ವ್ಯಾಟಿನ ಎಲ್‌ಇಡಿ, ಬೆಳ್ಳಗೆ ರಾಚುವಂಥದ್ದು. ಅದರ ಕೆಳಗೆ ಕೂತವರ ಮುಖವೆಲ್ಲ ಬಿಳಿಚಿಕೊಂಡಂತೆ ಕಾಣುತ್ತಿತ್ತು. ಬಲ್ಬಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ: 6500 ಕೆಲ್ವಿನ್ ಅಂದರೆ ಆ ನೀಲಿ ಮಿಶ್ರಿತ ಬಿಳಿ, 2700 ಅಂದರೆ ಹಳೆ ಕಾಲದ ಬಲ್ಬಿನ ಹಳದಿ. ವ್ಯಾಟ್ ಮಾತ್ರ ನೋಡಿ ತರುತ್ತಿದ್ದ ನನಗೆ ಅಷ್ಟು ದಿನ ಈ ಅಂಕಿ ಕಣ್ಣಿಗೇ ಬಿದ್ದಿರಲಿಲ್ಲ. 2700ರ ಎರಡು ಬಲ್ಬು ತಂದೆ, ಏಳೇಳು ವ್ಯಾಟಿನವು. ಒಂದನ್ನು ದಿವಾನದ ತಲೆಯ ಮೂಲೆಯಲ್ಲಿ, ಬೋರಲು ಹಾಕಿದ ಬಿದಿರು ಬುಟ್ಟಿಯೊಳಗೆ ಇಳಿಬಿಡಿಸಿದೆ. ಎಲ್‌ಇಡಿ ಹಳೆ ಬಲ್ಬಿನಷ್ಟು ಕಾಯುವುದಿಲ್ಲ, ಆದರೂ ಬುಟ್ಟಿಗೆ ತಾಗದಂತೆ ನಾಲ್ಕು ಬೆರಳು ಅಂತರ ಬಿಡಿ; ಹೋಲ್ಡರ್ ಮತ್ತು ವೈರಿನ ಕೆಲಸ ಎಲೆಕ್ಟ್ರಿಷಿಯನ್ನಿಗೇ ಬಿಡಿ. ಬುಟ್ಟಿ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿದೆ. ಬೆಳಕು ಛಾವಣಿಯಿಂದ ತಲೆಯ ಮೇಲೆ ಸುರಿಯುವ ಬದಲು ಮಗ್ಗುಲಿಂದ ಬಂದು ಮುಖದ ಮೇಲೆ ಬೀಳುತ್ತದೆ, ಹೆಣಿಗೆಯ ನೆರಳು ಗೋಡೆಯ ಮೇಲೆ ಹರಡುತ್ತದೆ. ಇನ್ನೊಂದು ಬಲ್ಬು ಎದುರು ಮೂಲೆಯಲ್ಲಿ. ಎರಡು ಮೂಲೆ ಬೆಳಗಿದ ಮೇಲೆ ಅದೇ ಹಾಲ್ ದೊಡ್ಡದಾಗಿ ಕಾಣತೊಡಗಿತು. ಟ್ಯೂಬ್‌ಲೈಟ್ ಕಿತ್ತಿಲ್ಲ, ಮಗನ ಹೋಂವರ್ಕಿಗೆ, ಅಕ್ಕಿ ಆರಿಸುವುದಕ್ಕೆ ಅದೇ ಬೇಕು.

ಬಟ್ಟೆಗೆ ಅಂಗಡಿಗೆ ಹೋಗಲಿಲ್ಲ. ಟ್ರಂಕಿನಲ್ಲಿ ಖಣಗಳ ಗಂಟೇ ಇತ್ತು. ತವರಿಗೆ ಹೋದಾಗಲೆಲ್ಲ ಉಡಿ ತುಂಬಿದ್ದು, ಸೀಮಂತದಲ್ಲಿ ಬಂದದ್ದು, ಯಾರ ಯಾರದೋ ಮದುವೆಯಲ್ಲಿ ಕೊಟ್ಟದ್ದು. ಎಲ್ಲ ಹೆಂಗಸರ ಟ್ರಂಕಿನಲ್ಲೂ ಈ ಗಂಟು ಇರುತ್ತದೆ. ಅದರಲ್ಲಿ ಎಷ್ಟು ಕುಪ್ಪಸ ಹೊಲಿಸುತ್ತೇವೆ? ತೆಳ್ಳನೆಯವನ್ನು ಬಿಟ್ಟು ಗುಳೇದಗುಡ್ಡದ ಖಣ ಐದು ಆರಿಸಿದೆ. ಮೊದಲು ಒಂದೊಂದನ್ನೇ ಬೇರೆ ಬೇರೆ ನೀರಲ್ಲಿ ಒಗೆದೆ, ಕೆಂಪು ಬಣ್ಣ ಬಿಟ್ಟಿತು. ಒಣಗಿದ ಮೇಲೆ ಹಳೆ ಕಾಟನ್ ಪಂಚೆಯ ಅಸ್ತರು ಕೊಟ್ಟು ದಿಂಬಿನ ಚೀಲ ಹೊಲಿದೆ, ದಡಿ ಒಂದು ಮಗ್ಗುಲಿಗೆ ಬರುವಂತೆ. ಕಡುನೀಲಿ ಖಣದ್ದು ಚಿಗವ್ವ ಉಡಿ ತುಂಬಿದ್ದು. ಹೋದ ವರ್ಷ ಬಂದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು "ಇದು ನಂದಲ್ಲೇನು?" ಅಂದಳು.

ಕೌದಿ ಬಗ್ಗೆ ಹೇಳಲೇಬೇಕು. ಮದುವೆಗೆ ಮುಂಚೆ ಅವ್ವ ಹೊಲಿದುಕೊಟ್ಟ ಕೌದಿಯನ್ನು ಬೆಂಗಳೂರಿಗೆ ಬಂದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ಬಂದವರು ನೋಡಿದರೆ ಏನೆಂದುಕೊಂಡಾರು ಅನ್ನುವ ನಾಚಿಕೆ. ಇಳಿಸಿ ಬಿಸಿಲಿಗೆ ಹಾಕಿ ಕೂತು ನೋಡಿದೆ. ಅಜ್ಜಿಯ ಇಳಕಲ್ ಸೀರೆಯ ದಡಿ, ಅಪ್ಪನ ಹಳೆ ಅಂಗಿ, ನನ್ನ ಸಾಲೆಯ ನೀಲಿ ಲಂಗ. ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ, ಸಾಲಿಗೂ ಸಾಲಿಗೂ ಬೆರಳಿನಷ್ಟೇ ಅಂತರ. ಒಂದು ಕಡೆ ದಾರ ಬಿಳಿ ಹೋಗಿ ಹಸಿರಾಗಿದೆ. ಅಲ್ಲಿ ಬಿಳಿ ದಾರ ತೀರಿತ್ತೇನೋ. ಈಗ ಅದು ದಿವಾನದ ಮೇಲೆ ಹಾಸಿದೆ. ಬಂದವರ ಕೈ ಮೊದಲು ಹೋಗುವುದು ಅದರ ಮೇಲೆ. ಒಂದು ಹೊಲಿಗೆ ಸಾಲಿನ ಗುಂಟ ಬೆರಳಾಡಿಸುತ್ತ ತಮ್ಮ ಮನೆಯ ಕೌದಿಯ ಮಾತು ತೆಗೆಯುತ್ತಾರೆ.

ನೆಲಕ್ಕೆ ನವಲಗುಂದದ ಜಮಖಾನೆ. ಅದನ್ನು ನೇಯುವವರು ಹೆಂಗಸರೇ, ನಮ್ಮೂರ ಕಡೆಯ ಹೆಮ್ಮೆ. ದಿನವೂ ಹಾಸಿರುವುದಿಲ್ಲ, ಸುತ್ತಿ ದಿವಾನದ ಪಕ್ಕಕ್ಕೆ ನಿಲ್ಲಿಸಿರುತ್ತೇನೆ, ಯಾರಾದರೂ ಬಂದಾಗ ಬಿಚ್ಚುತ್ತೇನೆ. ತಮಗಾಗಿ ಹಾಸುವುದನ್ನು ಕಣ್ಣಾರೆ ಕಂಡವರು ಕೂತ ಮೇಲೆ ಬೇಗ ಏಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮಳೆಗಾಲದಲ್ಲಿ ಮನೆಯೊಳಗೆ ಮುಗ್ಗಲು ವಾಸನೆ ಬರುತ್ತಿತ್ತು. ಅಗರಬತ್ತಿ ಹಚ್ಚಿ ನೋಡಿದೆ, ಎರಡು ವಾಸನೆ ಕೂಡಿ ಇನ್ನೂ ಕೆಟ್ಟಿತು. ಬೀರು ಸರಿಸಿದಾಗ ಅದರ ಬೆನ್ನ ಗೋಡೆಯ ತುಂಬ ಬೂಸ್ಟು. ಗೋಡೆಗೆ ಒತ್ತಿ ಇಟ್ಟಿದ್ದರಿಂದ ಗಾಳಿ ಆಡುತ್ತಿರಲಿಲ್ಲ, ಮೇಲಿಂದ ಹಸಿ ಬಟ್ಟೆಯನ್ನೆಲ್ಲ ಅದೇ ಕೋಣೆಯಲ್ಲಿ ಒಣಗಿಸುತ್ತಿದ್ದೆವು. ಗೋಡೆ ಉಜ್ಜಿ ಒಣಗಿಸಿ, ಬೀರುವನ್ನು ನಾಲ್ಕು ಇಂಚು ಮುಂದಕ್ಕೆ ತಂದೆ. ಬಟ್ಟೆಗೆ ಬಾಲ್ಕನಿಯ ಛಾವಣಿಗೆ ಹಗ್ಗ ಎಳೆದರೆ ಏರಿಳಿಯುವ ಕೋಲು ಹಾಕಿಸಿದೆ. ಅಡುಗೆಮನೆ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಬಂತು, ಒಗ್ಗರಣೆಯ ಹೊಗೆ ಹಾಲ್‌ಗೆ ನುಗ್ಗುವುದು ನಿಂತಿತು. ಗೋಡೆಗೆ ಮೊಳೆ ಹೊಡೆಯುವುದಕ್ಕೆ ಮಾತ್ರ ಮನೆ ಮಾಲೀಕರ ಒಪ್ಪಿಗೆ ಇರಲಿಲ್ಲ. ಬಾಗಿಲ ಪಕ್ಕ ಒಂದೇ ಒಂದು ಮರದ ಪಟ್ಟಿಗೆ ಕೇಳಿಕೊಂಡೆ, ಒಪ್ಪಿದರು. ಅದಕ್ಕೆ ನಾಲ್ಕು ಗೂಟ. ಬಂದವರ ಚೀಲ, ಛತ್ರಿಗೆ ಅಷ್ಟು ಸಾಕು. ಅದರ ಕೆಳಗೆ ಸಣ್ಣ ಸ್ಟೂಲಿನ ಮೇಲೆ ನೀರು ತುಂಬಿದ ತಾಮ್ರದ ತಂಬಿಗೆ, ಬೆಲ್ಲದ ಡಬ್ಬಿ. ಊರಿನಲ್ಲಿ ಬಿಸಿಲಲ್ಲಿ ಬಂದವರಿಗೆ ಮೊದಲು ಅದನ್ನೇ ಕೊಡುತ್ತಿದ್ದರು.

ಈ ಯುಗಾದಿಗೆ ಅಪ್ಪ ಬಂದ. ಚೀಲವನ್ನು ತಾನೇ ಗೂಟಕ್ಕೆ ಸಿಕ್ಕಿಸಿದ. ನೀರು ಕುಡಿದ. ನಾನು ಜಮಖಾನೆ ಬಿಚ್ಚುವುದರೊಳಗೆ ಬರಿ ನೆಲದ ಮೇಲೇ ಕೂತು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದ. ಮೊಮ್ಮಗ ಹೋಗಿ ಅವನ ಕಾಲ ಮೇಲೆ ತಲೆಯಿಟ್ಟ. ಹನ್ನೊಂದು ದಿನ ಇದ್ದ.

ಮೂರನೇ ದಿನ ಒಂದು ತಪ್ಪು ಹಿಡಿದ. ಮಧ್ಯಾಹ್ನ ಮೂರರ ಮೇಲೆ ಪಡುವಣ ಕಿಟಕಿಯ ಬಿಸಿಲು ಸರಿಯಾಗಿ ಆ ಆರಡಿಯ ಮೇಲೇ ಬೀಳುತ್ತದೆ. ಆ ಹೊತ್ತಿಗೆ ಆಫೀಸಿನಲ್ಲಿರುವ ನನಗೆ ಅದು ಗೊತ್ತೇ ಇರಲಿಲ್ಲ. ಪರದೆ ಎಳೆದರೆ ಗಾಳಿಯೂ ನಿಲ್ಲುತ್ತದೆ. "ಲಾವಂಚದ ತಟ್ಟಿ ಕಟ್ಟಸು, ನೀರು ಹೊಡದ್ರ ತಂಪ ಆಕ್ಕೈತಿ" ಅಂದ. ಕಿಟಕಿ ನಾಲ್ಕಕ್ಕೆ ಮೂರೂವರೆ ಅಡಿ ಇದೆ, ಅಳತೆ ಕೊಟ್ಟು ಬಂದಿದ್ದೇನೆ. ತೊಟ್ಟಿಕ್ಕುವ ನೀರು ಕೆಳಗಿನ ಮನೆಯವರ ಬಟ್ಟೆಯ ಮೇಲೆ ಬೀಳದಂತೆ ಅಡಿಗೆ ಒಂದು ತಗಡಿನ ದೋಣಿಯೂ ಬೇಕು. ನಿನ್ನೆ ರಾತ್ರಿ ಫೋನ್ ಮಾಡಿದಾಗ ಅಪ್ಪ ಮೊದಲು ಕೇಳಿದ್ದು ಅದನ್ನೇ, ತಟ್ಟಿ ಬಂತೇನು ಅಂತ.