ನೆಲ ನೋಡಿ, ಗೇಮ್‌ನ ಕಾಲ ಹೇಳಿ

ಹಳೆಯ ಗೇಮ್‌ಗೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಕೇಳಿ. ‘ಈಗ ಕ್ಲಿಯರ್ ಆಗಿ ಕಾಣುತ್ತೆ’ ಅನ್ನುವವರೇ ಜಾಸ್ತಿ. ಬರೀ ಅಷ್ಟೇ ಅಲ್ಲ. ಏನೇನು ಬದಲಾಯಿತು ಅನ್ನುವುದನ್ನು ನೀವೇ ಕಣ್ಣಾರೆ ಪತ್ತೆ ಮಾಡಬಹುದು. ಸೋನಿಯ ಪ್ಲೇಸ್ಟೇಷನ್‌ಗಳನ್ನೇ ತೆಗೆದುಕೊಳ್ಳೋಣ. ಮನೆಯಲ್ಲಿ ಕನ್ಸೋಲ್ ಇಲ್ಲದಿದ್ದರೂ ಪರವಾಗಿಲ್ಲ, ಯೂಟ್ಯೂಬ್ ಸಾಕು. ವಿಡಿಯೊ ಕ್ವಾಲಿಟಿ ಮಾತ್ರ ಸಿಕ್ಕಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ.

ಮೊದಲು ನೆಲ ನೋಡಿ. 1996ರ ಟೂಂಬ್ ರೈಡರ್ ಹಾಕಿ, ಮೊದಲ ಪ್ಲೇಸ್ಟೇಷನ್‌ನದ್ದೇ ಇರಲಿ. ಗೇಮ್‌ನ ನಾಯಕಿ ಲಾರಾಳ ಮುಖ ಬಿಡಿ, ಕಾಲ ಕೆಳಗಿನ ಕಲ್ಲುಹಾಸು ನೋಡಿ. ಅವಳು ನಡೆದಂತೆ ಕಲ್ಲಿನ ಗೆರೆಗಳು ಬಾಗುತ್ತವೆ. ಗೋಡೆಯ ಅಂಚು ನಡುಗುತ್ತದೆ. ವಿಡಿಯೊ ಕೆಟ್ಟಿಲ್ಲ! 3ಡಿ ಗೇಮ್‌ನಲ್ಲಿ ಎಲ್ಲವನ್ನೂ ಸಣ್ಣ ಸಣ್ಣ ತ್ರಿಕೋನಗಳಿಂದ ಕಟ್ಟಿ, ಮೇಲೆ ಟೆಕ್ಸ್ಚರ್ ಅನ್ನುವ ಚಿತ್ರ ಅಂಟಿಸುತ್ತಾರೆ. ಹಾಗೆ ಅಂಟಿಸುವಾಗ ಈ ಕನ್ಸೋಲ್ ಹತ್ತಿರ, ದೂರ ಅನ್ನುವ ಲೆಕ್ಕವನ್ನೇ ಹಾಕುತ್ತಿರಲಿಲ್ಲ. ಅದಕ್ಕೇ ಗೆರೆ ಬಾಗುವುದು. ತ್ರಿಕೋನದ ಮೂಲೆಯನ್ನೂ ಪೂರ್ತಿ ಪಿಕ್ಸೆಲ್ (ಪರದೆಯ ಒಂದು ಚುಕ್ಕಿ) ಮೇಲೇ ಕೂರಿಸುತ್ತಿತ್ತು, ಅರ್ಧ, ಕಾಲು ಪಿಕ್ಸೆಲ್ ಅದಕ್ಕೆ ಗೊತ್ತಿರಲಿಲ್ಲ. ಮೂಲೆ ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ ಹಾರಿದಾಗ ನಮಗೆ ನಡುಕ ಕಾಣುತ್ತದೆ. ಇದ್ದ ಮೆಮೊರಿ 2 ಎಂಬಿ, ಚಿತ್ರಕ್ಕೆಂದು ಬೇರೆ 1 ಎಂಬಿ. ಅಷ್ಟರಲ್ಲೇ ಇಡೀ ಗುಹೆ ಕಟ್ಟಿದರಲ್ಲ, ಅದು ನನಗೆ ಇಂದಿಗೂ ಬೆರಗು.

ಆಮೇಲೆ ದೂರ ನೋಡಿ. 1999ರ ಸೈಲೆಂಟ್ ಹಿಲ್‌ನಲ್ಲಿ ಊರೆಲ್ಲ ಮಂಜು. ದೂರದ ಬೀದಿಗಳನ್ನು ಬಿಡಿಸುವ ಶಕ್ತಿ ಕನ್ಸೋಲ್‌ಗೆ ಇರಲಿಲ್ಲ, ಆ ಕೊರತೆಯನ್ನು ಮಂಜು ಮುಚ್ಚಿತು.

ಮೂರನೆಯದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಶ್ಯಾಡೋ ಆಫ್ ದಿ ಕೊಲೊಸಸ್ 2005ರಲ್ಲಿ ಪಿಎಸ್2ಗೆ (ಎರಡನೇ ಪ್ಲೇಸ್ಟೇಷನ್), 2011ರಲ್ಲಿ ಪಿಎಸ್3ಗೆ, 2018ರಲ್ಲಿ ಪಿಎಸ್4ಗೆ ಬಂತು. ಮೂರರಲ್ಲೂ ಒಂದೇ ಜಾಗದಲ್ಲಿ ವಿಡಿಯೊ ನಿಲ್ಲಿಸಿ. 2011ರದ್ದರಲ್ಲಿ ಅಂಚುಗಳು ಚೂಪಾಗಿವೆ, ಆದರೆ ಬಂಡೆ ಹೆಚ್ಚುಕಡಿಮೆ ಅದೇ ಹಳೆಯ ಬಂಡೆ. 2018ರಲ್ಲಿ ಬಂಡೆ, ಹುಲ್ಲು, ದೈತ್ಯನ ರೋಮ ಎಲ್ಲವನ್ನೂ ಹೊಸದಾಗಿ ಮಾಡಿದರು. ಬೆಳಕು ಬೀಳುವ ರೀತಿಯೇ ಬೇರೆ. ರೆಸಲ್ಯೂಶನ್ (ಪಿಕ್ಸೆಲ್‌ಗಳ ಸಂಖ್ಯೆ) ಏರಿಸುವುದಕ್ಕೂ ಗ್ರಾಫಿಕ್ಸ್ ಸುಧಾರಿಸುವುದಕ್ಕೂ ಎಷ್ಟು ಅಂತರ ಅಂತ ಇಲ್ಲಿ ಗೊತ್ತಾಗುತ್ತೆ, ಅಲ್ವಾ?

ಕೊನೆಗೆ ಕಿಟಕಿಯ ಗಾಜು. 2018ರ ಸ್ಪೈಡರ್-ಮ್ಯಾನ್ ಪಿಎಸ್4ರಲ್ಲಿ ನ್ಯೂಯಾರ್ಕ್‌ನ ಗೋಡೆ ಹತ್ತುವಾಗ ಗಾಜಿನಲ್ಲಿ ಕಾಣುವುದು ಮೊದಲೇ ಮಾಡಿಟ್ಟ ಚಿತ್ರ. ಎದುರಿನ ಕಟ್ಟಡಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. 2020ರ ಪಿಎಸ್5 ಆವೃತ್ತಿಯಲ್ಲಿ ರೇ ಟ್ರೇಸಿಂಗ್ ಇದೆ. ಅಂದರೆ ಗಾಜಿಗೆ ತಾಗಿದ ಕಿರಣ ಎತ್ತ ಹೋಗುತ್ತದೆ ಅಂತ ಆಗಿಂದಾಗಲೇ ಲೆಕ್ಕ ಹಾಕುತ್ತದೆ. ಎದುರಿನ ಬೀದಿಯೂ ಕಾಣುತ್ತದೆ, ಸ್ಪೈಡರ್-ಮ್ಯಾನ್ ಕೂಡ ಕಾಣುತ್ತಾನೆ. ಈ ಲೆಕ್ಕ ಕನ್ಸೋಲ್‌ಗೆ ಭಾರ. ಪಿಎಸ್5 ಇದ್ದರೆ ಗೇಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಈ ಲೆಕ್ಕ ಹಾಕುವ, ಸೆಕೆಂಡಿಗೆ 30 ಫ್ರೇಮ್ (ಚಿತ್ರ) ತೋರಿಸುವ ಫಿಡೆಲಿಟಿ ಮೋಡ್‌ನಲ್ಲಿ ಒಮ್ಮೆ, ಲೆಕ್ಕ ಬಿಟ್ಟು 60 ಫ್ರೇಮ್ ತೋರಿಸುವ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಒಮ್ಮೆ ಅದೇ ಕಿಟಕಿ ಎದುರು ನಿಲ್ಲಿ.