ಕಿಟ್ಟಿ ಕಲಿತ ‘ಆಯ್ತಾ?’

ಕಾಕಟೀಲ್ ಅಂದರೆ ಜುಟ್ಟಿರುವ ಪುಟ್ಟ ಸಾಕು ಗಿಳಿ. ನಮ್ಮ ಮೊದಲ ಕಾಕಟೀಲ್‌ಗೆ ಸುಮಾರು ಒಂದು ವರ್ಷ ಮಾತು ಕಲಿಸಿದೆ. ಕೊನೆಗೆ ಅದು ನನ್ನ ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಮೊಟ್ಟೆ ಇಟ್ಟಿತು. ಮಾರಿದವರು ‘ಗಂಡು, ಗ್ಯಾರಂಟಿ ಮಾತಾಡುತ್ತೆ’ ಅಂದಿದ್ದರು.

ಕಾಕಟೀಲ್‌ಗಳಲ್ಲಿ ಮಾತಾಡುವುದು ಹೆಚ್ಚಾಗಿ ಗಂಡು. ಹೆಣ್ಣು ಕಲಿಯುವುದು ಅಪರೂಪ. ಮರಿಯಾಗಿದ್ದಾಗ ಎರಡೂ ಒಂದೇ ಥರ ಕಾಣುತ್ತವೆ. ಆರು ತಿಂಗಳ ಆಸುಪಾಸಿನಲ್ಲಿ ಹಳೆ ಗರಿ ಉದುರಿ ಹೊಸದು ಬರುತ್ತದೆ. ಆಗ ಬೂದು ಬಣ್ಣದ ಗಂಡಿನ ಮುಖ ಹಳದಿಗೆ ತಿರುಗುತ್ತದೆ, ಹೆಣ್ಣಿನ ಬಾಲದಡಿಯ ಪಟ್ಟೆ ಹಾಗೇ ಉಳಿಯುತ್ತದೆ. ನಮ್ಮದು ಲುಟಿನೋ ಅನ್ನುವ ಬಿಳಿ-ಹಳದಿ ಬಣ್ಣದ್ದು. ಅದರ ಪಟ್ಟೆ ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಮಸುಕಾಗಿ ಕಾಣುತ್ತದೆ. ನಾನು ಹಿಡಿದು ನೋಡಿದ್ದು ಮೊಟ್ಟೆ ಸಿಕ್ಕ ಮೇಲೆ!

ಎರಡನೆಯದನ್ನು ಮುಖ ನೋಡಿಯೇ ತಂದೆ. ಅದೇ ಕಿಟ್ಟಿ. ಎರಡನ್ನೂ ಒಟ್ಟಿಗೆ ಇಟ್ಟರೆ ಅವು ತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳುತ್ತವೆ ಅಂತ ಹಳೆಯದನ್ನು ಒಳಕೋಣೆಗೆ ಕಳಿಸಿದೆ. ಕಿಟ್ಟಿಯ ಪಂಜರವನ್ನು ಮುಂದಿನ ಕೋಣೆಯಲ್ಲಿಟ್ಟೆ. ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಅದೇ ನನ್ನ ಟೈಲರಿಂಗ್ ಅಂಗಡಿ. ಮೊದಲ ಎರಡು ವಾರ ಏನೂ ಕಲಿಸಲಿಲ್ಲ, ನವಣೆ ತೆನೆ ಹಿಡಿದು ಕೂತೆ ಅಷ್ಟೇ. ಪಾವಗಡದ ನೆಂಟರು ತೆನೆ ಸಮೇತ ತಂದುಕೊಡುತ್ತಾರೆ. ನನ್ನ ಕೈಯಿಂದ ತಿನ್ನಲು ಶುರು ಮಾಡಿದ ಮೇಲೆ ಪಾಠ.

ಮೊದಲು ಮೊಬೈಲಿನಲ್ಲಿ ‘ನಮಸ್ಕಾರ’ ಅಂತ ರೆಕಾರ್ಡ್ ಮಾಡಿ ಗಂಟೆಗಟ್ಟಲೆ ಹಾಕಿದೆ. ಕಿಟ್ಟಿ ಸ್ವಲ್ಪ ಹೊತ್ತು ಕತ್ತು ಓರೆ ಮಾಡಿ ಕೇಳಿತು. ಆಮೇಲೆ ಕರಕರ ಕೊಕ್ಕು ಮಸೆಯುತ್ತಾ ನಿದ್ದೆ ಹೋಯಿತು. ಅಷ್ಟರಲ್ಲಿ ನನ್ನ ಮಗ ಶಿಳ್ಳೆ ಕಲಿಸಿಬಿಟ್ಟ. ಈ ಹಕ್ಕಿಗೆ ಮಾತಿಗಿಂತ ಶಿಳ್ಳೆ ಸುಲಭ. ಅದರ ರುಚಿ ಹತ್ತಿದರೆ ಮಾತಿನ ಗೋಜಿಗೇ ಹೋಗುವುದಿಲ್ಲ. ಮನೇಲಿ ಶಿಳ್ಳೆ ಬಂದ್ ಮಾಡಿಸಿದೆ. ಕುಕ್ಕರಿನ ಬಾಯಿ ಮುಚ್ಚಿಸೋರು ಯಾರು? ಅದನ್ನೂ ಕಿಟ್ಟಿ ಕಲಿತಿದೆ.

ದಾರಿ ತೋರಿಸಿದ್ದು ನಮ್ಮ ಅತ್ತೆ. ಬೆಳಿಗ್ಗೆ ಪಂಜರದ ಮೇಲಿನ ಬಟ್ಟೆ ತೆಗೆಯುತ್ತಾ ‘ಕಿಟ್ಟೀ... ತಿಂಡಿ ಆಯ್ತಾ?’ ಅಂತ ರಾಗ ಎಳೆದು ಕೇಳುತ್ತಿದ್ದರು. ಆಗ ಅದರ ಜುಟ್ಟು ಏಳುತ್ತಿತ್ತು, ಕಂಬಿಗೆ ಹತ್ತಿರ ಬರುತ್ತಿತ್ತು. ನನ್ನ ‘ನಮಸ್ಕಾರ’ಕ್ಕೆ ಒಂದು ದಿನವೂ ಹಾಗೆ ಮಾಡಿರಲಿಲ್ಲ. ನಮ್ಮ ಹಾಗೆ ಅದಕ್ಕೆ ತುಟಿಯಿಲ್ಲ. ಎದೆಯೊಳಗೆ, ಶ್ವಾಸನಾಳ ಕವಲಾಗುವ ಕಡೆ ಸ್ವರ ಹುಟ್ಟುತ್ತದೆ. ಹಾಗಾಗಿ ಅಕ್ಷರಕ್ಕಿಂತ ಮೊದಲು ರಾಗ ಹಿಡಿಯುತ್ತದೆ ಅಂತ ನನಗೆ ಅನಿಸಿತು. ‘ನಮಸ್ಕಾರ’ ಬಿಟ್ಟು ಅತ್ತೆಯ ರಾಗವನ್ನೇ ಹಿಡಿದೆ.

ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ. ಮೆಷಿನ್ ನಿಲ್ಲಿಸಿ, ಕಣ್ಣಿಗೆ ಕಣ್ಣಿಟ್ಟು, ಒಂದು ಸಲ ಹೇಳಿ ಸುಮ್ಮನಾಗುತ್ತಿದ್ದೆ. ಈ ಸುಮ್ಮನಿರುವುದೇ ಕಷ್ಟ. ನಾವೇ ವಟಗುಟ್ಟುತ್ತಿದ್ದರೆ ಅದಕ್ಕೆ ಸರದಿ ಎಲ್ಲಿ ಸಿಗುತ್ತೆ? ಗೊಣಗಿದರೂ ಸಾಕು, ಎರಡು ಕಾಳು ನವಣೆ. ಪಂಜರದ ಕನ್ನಡಿಯನ್ನೂ ತೆಗೆದೆ, ಅದರ ಮುಂದೆ ಕೂತರೆ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಐದನೇ ವಾರ, ಮಧ್ಯಾಹ್ನ ಲೈನಿಂಗ್ ಕತ್ತರಿಸುತ್ತಿದ್ದೆ. ಹಿಂದಿನಿಂದ ಗೊಣಗು ಕೇಳಿತು. ಪದ ಒಂದೂ ಇಲ್ಲ, ಆದರೆ ಅತ್ತೆಯ ಎಳೆತ ಹಾಗೇ ಇದೆ! ಮೂರು ತಿಂಗಳಾಗುವಾಗ ‘ಆಯ್ತಾ?’ ಸ್ಪಷ್ಟವಾಯಿತು. ‘ತಿಂಡಿ’ ಇವತ್ತಿಗೂ ‘ಚಿಂಯಿ’ ಅಂತಲೇ ಕೇಳುತ್ತದೆ. ಸ್ವರ ಸಣ್ಣದು, ಪೀಪಿಯ ಥರ. ಹೊಸಬರಿಗೆ ನಾನೇ ಬಿಡಿಸಿ ಹೇಳಬೇಕು.

‘ಇಷ್ಟು ಒದ್ದಾಡೋ ಬದಲು ಹಸಿರು ಗಿಳಿನೇ ತರಬಹುದಿತ್ತಲ್ವಾ?’ ಅಂತ ಪಕ್ಕದ ಮನೆಯವರು ಕೇಳಿದರು. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು, ಇಲ್ಲಿ ಸಿಗುವುದು ಪಂಜರದಲ್ಲೇ ಹುಟ್ಟಿದ ಮರಿ.

‘ಆಯ್ತಾ?’ ಮಾತ್ರ ಅಷ್ಟು ಚೆನ್ನಾಗಿ ಯಾಕೆ ಬಂತು ಅಂತ ಆಮೇಲೆ ಹೊಳೆಯಿತು. ನನ್ನ ಅಂಗಡಿಗೆ ಬರುವವರೆಲ್ಲ ಬಾಗಿಲಲ್ಲೇ ನಿಂತು ಕೇಳುವುದು ಅದನ್ನೇ. ಮೊನ್ನೆ ಮದುವೆ ಬ್ಲೌಸಿಗೆ ಬಂದ ಹುಡುಗಿ ಇನ್ನೂ ಬಾಯಿ ತೆರೆದಿರಲಿಲ್ಲ. ಕಿಟ್ಟಿ ಜುಟ್ಟು ಎತ್ತಿ ‘ಆಯ್ತಾ?’ ಅಂದಿತು.

‘ಅದಕ್ಕಾದ್ರೂ ಉತ್ತರ ಕೊಡಿ ಅಕ್ಕಾ’ ಅಂದಳು. ಕೈ ಹೊಲಿಗೆ ಇನ್ನೂ ಬಾಕಿ ಇತ್ತು.